ಮೂರು ನಿಮಿಷಕ್ಕೊಂದು ಗಾಡಿ

ದೂರದ ಊರುಗಳಿಗೆ ಹೋಗುವ ರೈಲುಗಾಡಿಗಳಿಗೆ ಹೆಸರುಗಳಿರುತ್ತವೆ. ಮುಂಬಯಿಯ ಲೋಕಲ್ ಗಾಡಿಗೆ ಅಂತಹ ಹೆಸರಿಲ್ಲ. ಅದು ಹೊರಡುವ ಹೊತ್ತೇ ಅದರ ಹೆಸರು. ‘ನನ್ನದು ಎಂಟು ನಲವತ್ತೆರಡರ ಗಾಡಿ’ ಎಂದು ಬೋರಿವಲಿಯ ಗುಮಾಸ್ತನೊಬ್ಬನು ಹೇಳಿದನೆಂದರೆ, ಅವನು ಯಾವ ಬೋಗಿಯ ಯಾವ ಬಾಗಿಲಲ್ಲಿ ನಿಲ್ಲುವನು, ಯಾರ ಜೊತೆಗೂಡಿ ಭಜನೆ ಮಾಡುವನು ಅಥವಾ ಇಸ್ಪೀಟು ಆಡುವನು ಎಂಬುದೆಲ್ಲ ಆ ಒಂದು ಮಾತಿನಲ್ಲಿ ಅಡಕವಾಗಿರುತ್ತದೆ. ಅದು ತಪ್ಪಿಹೋದರೂ ಬಹಳ ಹೊತ್ತು ಕಾಯಬೇಕಾಗಿಲ್ಲ. ಕಚೇರಿಯ ವೇಳೆಯಲ್ಲಿ ಸುಮಾರು ಮೂರು ನಿಮಿಷಕ್ಕೊಂದರಂತೆ ಗಾಡಿಗಳು ಒಂದರ ಬೆನ್ನಿಗೊಂದು ಬರುತ್ತಲೇ ಇರುತ್ತವೆ.

ಚರ್ಚ್‌ಗೇಟಿನಿಂದ ವಿರಾರದವರೆಗಿನ ಈ ಮಾರ್ಗದ ಉದ್ದ 60 ಕಿಲೋಮೀಟರು, ನಿಲ್ದಾಣಗಳು 29. ದಿನಕ್ಕೆ 1,400ಕ್ಕೂ ಮಿಕ್ಕಿದ ಲೋಕಲ್ ಗಾಡಿಗಳನ್ನು ನಡೆಯಿಸುವ ಪಶ್ಚಿಮ ರೈಲ್ವೆಯು ಅವುಗಳಲ್ಲಿ ಸುಮಾರು 30 ಲಕ್ಷ ಪ್ರಯಾಣಿಕರನ್ನು ಸಾಗಿಸುತ್ತದೆ. ಇವರಲ್ಲಿ ಕನ್ನಡಿಗರ ಪಾಲು ಚಿಕ್ಕದೇನಲ್ಲ. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಹೋಗಿ ನೆಲೆಸಿದ ಹೋಟೆಲಿನವರು, ಬ್ಯಾಂಕಿನವರು, ಗಿರಣಿಯವರು ತಲೆಮಾರುಗಳಿಂದ ಈ ಹಳಿಗಳ ಮೇಲೆಯೇ ತಮ್ಮ ಆಯುಷ್ಯದ ಒಂದು ಭಾಗವನ್ನು ಕಳೆದಿದ್ದಾರೆ. ಮಾಹಿಮಿನ ಕರ್ನಾಟಕ ಸಂಘಕ್ಕೆ ಉಪನ್ಯಾಸ ಕೇಳಲು ಹೋಗುವವರು ಇಳಿಯುವುದೂ ಇದೇ ಮಾರ್ಗದ ಮಾಟುಂಗಾ ರೋಡ್ ನಿಲ್ದಾಣದಲ್ಲಿ.

ಇಷ್ಟೊಂದು ಜನರನ್ನು ಒಯ್ಯುವ ಉದ್ದೇಶದಿಂದ ಈ ಮಾರ್ಗವನ್ನು ಹಾಕಿದ್ದಲ್ಲವೆಂಬುದು ವಿಚಿತ್ರವಾದರೂ ನಿಜ. ‘ಬಾಂಬೆ, ಬರೋಡಾ ಆಂಡ್ ಸೆಂಟ್ರಲ್ ಇಂಡಿಯಾ’ ಎಂಬ ಕಂಪನಿಯ ಕಣ್ಣು ಗುಜರಾತಿನ ಹತ್ತಿಯ ಮೇಲಿತ್ತು. ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ದೊರೆಯದೆ, ಮುಂಬಯಿಯ ಬಂದರಿನಲ್ಲಿ ಅದರ ಬೆಲೆ ಬಂಗಾರದಂತೆ ಏರಿದ್ದ ಕಾಲವದು. 1864ರ ವೇಳೆಗೆ ಹಳಿಗಳು ಗುಜರಾತಿನ ಕಡೆಯಿಂದ ಮುಂಬಯಿಯ ಗ್ರಾಂಟ್ ರೋಡನ್ನು ಮುಟ್ಟಿದವು. ನಗರದ ಹೊರವಲಯದ ಜನರಿಗಾಗಿ ವಿರಾರದಿಂದ ಬ್ಯಾಕ್ ಬೇವರೆಗೆ ಗಾಡಿ ಓಡತೊಡಗಿದ್ದು 1867ರ ಏಪ್ರಿಲ್ 12ರಂದು. ಬೆಳಿಗ್ಗೆ ಒಮ್ಮೆ ನಗರಕ್ಕೆ ಬರುವುದು, ಸಂಜೆ ಒಮ್ಮೆ ಹಿಂದಿರುಗುವುದು: ದಿನವೊಂದಕ್ಕೆ ಅಷ್ಟೇ. ಇಂದು ಗೋರೆಗಾಂವ್ ಎನಿಸಿಕೊಂಡಿರುವ ನಿಲ್ದಾಣಕ್ಕೆ ಆಗ ಪಹಾಡಿಯೆಂದು ಹೆಸರು. ಸುತ್ತಲೂ ತೆಂಗು, ತಾಳೆ, ಉಪ್ಪಿನಗದ್ದೆ, ಭತ್ತದ ಗದ್ದೆ.

ಮುಂಬಯಿಯ ಭೂಗೋಳವನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗುವಂತಿಲ್ಲ. ಬೇರೆ ನಗರಗಳು ಕೆರೆಯಲ್ಲಿ ಕಲ್ಲೆಸೆದಾಗ ಏಳುವ ಅಲೆಗಳಂತೆ ಎಲ್ಲ ದಿಕ್ಕಿಗೂ ಹಬ್ಬುತ್ತವೆ. ಮುಂಬಯಿಗೆ ಮೂರು ಕಡೆ ನೀರು; ಬೆಳೆಯಲು ಉತ್ತರವೊಂದೇ ದಿಕ್ಕು. ಕಚೇರಿಗಳೂ ಬಂದರೂ ಬ್ಯಾಂಕುಗಳೂ ದಕ್ಷಿಣದ ತುದಿಯಲ್ಲಿ ಕಿಕ್ಕಿರಿದವು. ಮನೆಗಳು ಉತ್ತರಕ್ಕೆ, ಇನ್ನೂ ಉತ್ತರಕ್ಕೆ ಸರಿದವು. ಹೀಗಾಗಿ ಬೆಳಿಗ್ಗೆ ನಗರವೆಲ್ಲ ದಕ್ಷಿಣಕ್ಕೆ ಹರಿಯುವುದು, ಸಂಜೆ ಉತ್ತರಕ್ಕೆ ಹಿಮ್ಮರಳುವುದು. ಕೆಲವು ಅನುಭವಿಗಳು ಬೆಳಿಗ್ಗೆ ಮೊದಲು ಎರಡು ನಿಲ್ದಾಣ ಉತ್ತರಕ್ಕೆ ಹೋಗಿ, ಗಾಡಿ ಹೊರಡುವ ತಾಣದಲ್ಲಿಯೇ ಕುಳಿತುಕೊಂಡು ತಮ್ಮ ಊರನ್ನು ದಾಟಿ ಬರುವುದುಂಟು. ಕೂಡಲು ಸ್ಥಳ ಬೇಕೆಂದರೆ ಅಷ್ಟು ಉಪಾಯ ಮಾಡಲೇಬೇಕು.

ಜನ ಹೆಚ್ಚಿದಂತೆ ಗಾಡಿಗಳನ್ನು ಹೆಚ್ಚಿಸಬೇಕಾಯಿತು. ಆದರೆ ಹಳಿಗಳು ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಇದ್ದ ಹಳಿಯ ಮೇಲೆ ಹೆಚ್ಚು ಗಾಡಿಗಳನ್ನು ಓಡಿಸುವುದೆಂದರೆ ಗಾಡಿಗೂ ಗಾಡಿಗೂ ನಡುವಣ ಅಂತರವನ್ನು ಕಡಿಮೆ ಮಾಡುವುದೆಂದೇ ಅರ್ಥ. ಕಳೆದ ನೂರು ವರ್ಷಗಳಲ್ಲಿ ಈ ಮಾರ್ಗದಲ್ಲಿ ನಡೆದ ದೊಡ್ಡ ಸುಧಾರಣೆಗಳೆಲ್ಲ ಬಹುಮಟ್ಟಿಗೆ ಈ ಅಂತರದಿಂದ ಕೆಲವು ಸೆಕೆಂಡುಗಳನ್ನು ಕಸಿದುಕೊಳ್ಳುವ ಯತ್ನಗಳೇ ಆಗಿವೆ.

ಮೊದಲನೆಯದು ವಿದ್ಯುಚ್ಛಕ್ತಿ. ಭಾರತದ ಮೊತ್ತಮೊದಲನೆಯ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ನೆರೆಯ ಕಂಪನಿಯ ಹಾರ್ಬರ್ ಮಾರ್ಗದಲ್ಲಿ, ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಓಡಿತು. ನಮ್ಮ ಮಾರ್ಗದಲ್ಲಿ ಕೊಲಾಬಾದಿಂದ ಬೋರಿವಲಿಯವರೆಗೆ 1928ರ ಜನವರಿ 5ರಂದು ವಿದ್ಯುತ್ ಗಾಡಿಗಳು ಆರಂಭವಾಗಿ, 1936ರಲ್ಲಿ ವಿರಾರವನ್ನು ಮುಟ್ಟಿದವು. ಕೊಲಾಬಾ ನಿಲ್ದಾಣವನ್ನು 1930ರ ಕೊನೆಯಲ್ಲಿ ಮುಚ್ಚಿದ್ದರಿಂದ ಚರ್ಚ್‌ಗೇಟೇ ಕಡೆಯ ನಿಲ್ದಾಣವಾಯಿತು.

ವಿದ್ಯುತ್ತಿನಿಂದ ಆದ ಲಾಭವೇನು? ಹೊಗೆ ತಪ್ಪಿತೆಂಬುದು ಕಣ್ಣಿಗೆ ಕಾಣುವ ಲಾಭ. ಆದರೆ ನಿಜವಾದ ಲಾಭವು ಗಾಡಿಯು ನಿಂತಲ್ಲಿಂದ ಹೊರಡುವ ಬಗೆಯಲ್ಲಿದೆ. ಉಗಿಯ ಎಂಜಿನ್ನಿನಲ್ಲಿ ಎಳೆಯುವ ಗಾಲಿಗಳು ಎಂಜಿನ್ನಿನ ಕೆಳಗೆ ಮಾತ್ರ ಇರುತ್ತವೆ. ಇಡೀ ಗಾಡಿಯನ್ನು ಆ ಕೆಲವೇ ಗಾಲಿಗಳು ಹಳಿಯನ್ನು ಕಚ್ಚಿ ಎಳೆಯಬೇಕು. ಬಲವನ್ನು ಮಿತಿಮೀರಿ ಹೆಚ್ಚಿಸಿದರೆ ಗಾಲಿಗಳು ಇದ್ದಲ್ಲೇ ಜಾರಿ ಸುತ್ತುತ್ತವೆ. ಲೋಕಲ್ ಗಾಡಿಯಲ್ಲಾದರೋ ಬೇರೆ ಎಂಜಿನ್ನೇ ಇಲ್ಲ. ಹನ್ನೆರಡು ಬೋಗಿಗಳ ಗಾಡಿಯಲ್ಲಿ ಮೋಟಾರುಗಳುಳ್ಳ ಬೋಗಿಗಳನ್ನು ನಡುನಡುವೆ ಹಂಚಿ ಜೋಡಿಸಿರುತ್ತಾರೆ. ತೇರನ್ನು ಒಬ್ಬ ಜಟ್ಟಿ ಎಳೆಯುವುದಕ್ಕೂ ಊರವರೆಲ್ಲ ಮಿಣಿಗೆ ಕೈಹಚ್ಚುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಒಂದು ಚಿಕ್ಕ ಲೆಕ್ಕದಿಂದ ಇದನ್ನು ಮನಗಾಣಬಹುದು. ಎರಡು ನಿಲ್ದಾಣಗಳ ನಡುವೆ 1,300 ಮೀಟರು ದೂರವಿದೆಯೆಂದಿಟ್ಟುಕೊಳ್ಳೋಣ. ಚರ್ಚ್‌ಗೇಟಿನಿಂದ ಬಾಂದ್ರಾವರೆಗಿನ ಸರಾಸರಿ ಸುಮಾರು ಅಷ್ಟೇ. ಗಾಡಿಯ ಗರಿಷ್ಠ ವೇಗ ಸೆಕೆಂಡಿಗೆ 20 ಮೀಟರು, ಎಂದರೆ ಗಂಟೆಗೆ 72 ಕಿಲೋಮೀಟರು ಇರಲಿ. ವೇಗವು ಪ್ರತಿ ಸೆಕೆಂಡಿಗೆ ಅರ್ಧ ಮೀಟರಿನಂತೆ ಏರಿದರೆ ಗರಿಷ್ಠ ವೇಗವನ್ನು ಮುಟ್ಟಲು 40 ಸೆಕೆಂಡು ಸಾಕು. ಅದರ ಅರ್ಧದಷ್ಟೇ ದರದಲ್ಲಿ ಏರುವ ಗಾಡಿಗೆ 80 ಸೆಕೆಂಡು ಬೇಕು. ಬ್ರೇಕು ಎರಡಕ್ಕೂ ಒಂದೇ ಎಂದು ಭಾವಿಸಿ ಒಟ್ಟು ಕಾಲವನ್ನು ಎಣಿಸಿದರೆ ಮೊದಲನೆಯದಕ್ಕೆ 98 ಸೆಕೆಂಡು, ಎರಡನೆಯದಕ್ಕೆ 118 ಸೆಕೆಂಡು ಬರುತ್ತದೆ. ಉಳಿತಾಯ 20 ಸೆಕೆಂಡು. ಇದೇನು ಮಹಾ ಎನ್ನಬೇಡಿ. ವಿರಾರದವರೆಗೆ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಗಾಡಿಗೆ 28 ನಡುದಾರಿಗಳಿವೆ. ಒಟ್ಟು ಒಂಬತ್ತು ನಿಮಿಷಕ್ಕೂ ಮೀರಿದ ಉಳಿತಾಯವಾಗುತ್ತದೆ. ಮೇಲಾಗಿ ಕಡೆಯ ನಿಲ್ದಾಣದಲ್ಲಿ ಎಂಜಿನ್ನನ್ನು ಬಿಚ್ಚಿ, ತಿರುಗಿಸಿ, ಮತ್ತೊಂದು ತುದಿಗೆ ತಂದು ಕಟ್ಟುವ ರಗಳೆಯಿಲ್ಲ. ಎರಡು ತುದಿಗಳಲ್ಲೂ ಚಾಲಕನ ಕೋಣೆಯಿದೆ; ಬಂದ ಮುಖ ಹಿಂದಾಗಿ, ಹಿಂದಿದ್ದದ್ದು ಮುಖವಾಗಿ ಗಾಡಿ ಹೊರಟುಬಿಡುತ್ತದೆ.

ಆರಂಭದಲ್ಲಿ ಮೇಲಿನ ತಂತಿಯಲ್ಲಿ ಹರಿಯುತ್ತಿದ್ದುದು 1,500 ವೋಲ್ಟಿನ ಏಕಮುಖ ಪ್ರವಾಹ. ಆ ಕಾಲದ ಮೋಟಾರುಗಳಿಗೆ ಅದು ಅನುಕೂಲವಾಗಿತ್ತು. ಗಾಡಿಗಳು ಉದ್ದವಾಗಿ, ಒತ್ತೊತ್ತಾಗಿ ಓಡತೊಡಗಿದಾಗ ಅದರ ದೋಷ ಹೊರಬಿತ್ತು. ವಿದ್ಯುತ್ತಿನ ಒತ್ತಡವನ್ನು ಪ್ರವಾಹದಿಂದ ಗುಣಿಸಿದರೆ ಬರುವುದೇ ಶಕ್ತಿ. ಗಾಡಿಯೊಂದಕ್ಕೆ 3,000 ಕಿಲೋವ್ಯಾಟು ಬೇಕೆನ್ನೋಣ. 1,500 ವೋಲ್ಟಿನಲ್ಲಿ ಅದಕ್ಕೆ 2,000 ಆಂಪಿಯರು ಹರಿಯಬೇಕು. 25,000 ವೋಲ್ಟಿನಲ್ಲಾದರೆ 120 ಆಂಪಿಯರು ಸಾಕು. ತಂತಿಯು ಕಾಯ್ದು ವ್ಯರ್ಥವಾಗುವ ಶಕ್ತಿಯು ಪ್ರವಾಹದ ವರ್ಗಕ್ಕನುಸಾರವಾಗಿರುವುದರಿಂದ ಅದೇ ತಂತಿಯಲ್ಲಿ ನಷ್ಟವು 270ರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ಕೆಲವೇ ಕಿಲೋಮೀಟರಿಗೊಂದರಂತೆ ವಿದ್ಯುತ್ ಉಪಕೇಂದ್ರವಿರಬೇಕಾಗಿತ್ತು. ಹೊಸದರಲ್ಲಿ ಹತ್ತಾರು ಕಿಲೋಮೀಟರಿಗೊಂದು ಸಾಕು. ದಿನವೂ ಲಕ್ಷಾಂತರ ಜನ ಓಡಾಡುತ್ತಿರುವ ಮಾರ್ಗವನ್ನು ನಿಲ್ಲಿಸದೆಯೇ ಈ ಬದಲಾವಣೆಯನ್ನು ಮಾಡಿ ಮುಗಿಸಿದ್ದು 2012ರ ಫೆಬ್ರವರಿಯಲ್ಲಿ. ನಡುವಣ ವರ್ಷಗಳಲ್ಲಿ ಒಂದೇ ಗಾಡಿಯು ಎರಡು ಬಗೆಯ ವಿದ್ಯುತ್ತನ್ನೂ ಬಳಸಿಕೊಂಡು ಓಡಬೇಕಾಗಿತ್ತು. ಓಡುತ್ತಿರುವವನ ಕಾಲಿನ ಚಪ್ಪಲಿ ಬದಲಾಯಿಸಿದಂತಹ ಈ ಕೆಲಸವನ್ನು ಮಾಡಿದ ಎಂಜಿನಿಯರುಗಳ ಹೆಸರನ್ನು ಪ್ರಯಾಣಿಕರು ಕೇಳಿರಲಾರರು.

2007ರಿಂದೀಚೆಗೆ ಬಂದ ಗಾಡಿಗಳ ಇನ್ನೊಂದು ಗುಣವನ್ನೂ ಹೇಳಬೇಕು. ಬ್ರೇಕು ಹಾಕಿದಾಗ ಅವುಗಳ ಮೋಟಾರುಗಳೇ ವಿದ್ಯುಜ್ಜನಕಗಳಾಗಿ ಮಾರ್ಪಟ್ಟು, ಗಾಡಿಯ ವೇಗದಲ್ಲಿದ್ದ ಶಕ್ತಿಯನ್ನು ವಿದ್ಯುತ್ತಾಗಿ ತಂತಿಗೆ ಹಿಂದಿರುಗಿಸುತ್ತವೆ. ದಾದರದಲ್ಲಿ ನಿಲ್ಲಲಿರುವ ಗಾಡಿಯ ಶಕ್ತಿಯಿಂದ ಮಾಹಿಮಿನಲ್ಲಿ ಮತ್ತೊಂದು ಗಾಡಿ ಹೊರಡಬಹುದು. ಮಾರುಮಾರಿಗೂ ನಿಲ್ಲುವ ಗಾಡಿಗೆ ಇದರಿಂದಾಗುವ ಉಳಿತಾಯ ಸುಮಾರು ಮೂರರಲ್ಲೊಂದು ಪಾಲು.

ಗಾಡಿ ಬೇಗ ಹೊರಟು ಬೇಗ ನಿಂತರಷ್ಟೇ ಸಾಲದು; ಹಿಂದಿನದು ಮುಂದಿನದಕ್ಕೆ ಹಾಯಬಾರದು. ಇದನ್ನು ನೋಡಿಕೊಳ್ಳುವ ಉಪಾಯ ಬಹಳ ಸರಳವಾದುದು, ಅಷ್ಟೇ ಸೊಗಸಾದುದು. ಮಾರ್ಗವನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನ ಎರಡು ಹಳಿಗಳಲ್ಲಿ ಅಲ್ಪ ವಿದ್ಯುತ್ತನ್ನು ಹರಿಯಬಿಟ್ಟಿರುತ್ತಾರೆ. ಅದು ಹಳಿಯುದ್ದಕ್ಕೂ ಹರಿದು ತುದಿಯಲ್ಲಿರುವ ವಿದ್ಯುತ್ ಕೀಲಿಯೊಂದನ್ನು ಎತ್ತಿಹಿಡಿದಿರುವ ತನಕ ಹಸುರು ದೀಪ. ಗಾಡಿಯು ಆ ತುಂಡಿನೊಳಗೆ ಕಾಲಿಟ್ಟೊಡನೆ ಅದರ ಉಕ್ಕಿನ ಗಾಲಿಗಳೂ ಅಚ್ಚೂ ಒಂದು ಹಳಿಯಿಂದ ಇನ್ನೊಂದಕ್ಕೆ ಸೇತುವೆಯಾಗುತ್ತವೆ; ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ; ಕೀಲಿ ಕೆಳಗೆ ಬೀಳುತ್ತದೆ; ಹಿಂದೆ ಬರುವ ಗಾಡಿಗೆ ಕೆಂಪು ದೀಪ. ಅದರ ಹಿಂದಿನದಕ್ಕೆ ಒಂದು ಹಳದಿ, ಇನ್ನೂ ಹಿಂದಿನದಕ್ಕೆ ಎರಡು ಹಳದಿ. ಹಳಿ ತುಂಡಾದರೂ ವಿದ್ಯುತ್ತು ನಿಂತು ಕೆಂಪೇ ಬೆಳಗುವುದೆಂಬುದು ಈ ಏರ್ಪಾಡಿನ ಹೆಚ್ಚುಗಾರಿಕೆ. ಏನು ಕೆಟ್ಟರೂ ಅದು ಗಾಡಿಯನ್ನು ನಿಲ್ಲಿಸುವ ಕಡೆಗೇ ಕೆಡಬೇಕು. ಮಳೆಗಾಲದಲ್ಲಿ ಹಳಿಗಳು ನೀರಿನಲ್ಲಿ ಮುಳುಗಿದಾಗ ವಿದ್ಯುತ್ತು ನೀರಿನ ಮೂಲಕ ಸೋರಿ, ಗಾಡಿಯೇ ಇಲ್ಲದೆಡೆಯಲ್ಲಿ ಕೆಂಪು ದೀಪ ಹತ್ತುವುದಕ್ಕೂ ಇದೇ ಕಾರಣ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದಾಗ ದೀಪದ ಮಾತಿರಲಿ, ಮಾರ್ಗವೇ ನಿಂತುಹೋಯಿತು. ಜನರು ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದರು.

ಗಾಡಿಯ ಮುಂದಿನ ಕೋಣೆಯಲ್ಲಿ ಮೋಟರ್‌ಮನ್ನನು ಒಬ್ಬನೇ ಇರುತ್ತಾನೆ. ಅವನು ಹಿಡಿಯನ್ನು ಒತ್ತಿಹಿಡಿದೇ ಇರಬೇಕು. ಮೈಮರೆತು ಕೈಬಿಟ್ಟರೆ ಗಾಡಿ ತಾನಾಗಿ ನಿಲ್ಲುತ್ತದೆ. ಹಿಂದಿನ ತುದಿಯಿಂದ ಗಾರ್ಡನು ಎರಡು ಸಲ ಗಂಟೆ ಬಾರಿಸಿದರೆ ಹೊರಡು ಎಂದು, ಒಂದು ಸಲ ಬಾರಿಸಿದರೆ ನಿಲ್ಲು ಎಂದು ಅರ್ಥ. ಈ ಎರಡು ಗಂಟೆಗಳ ಸದ್ದಿನಲ್ಲಿಯೇ ನಾವು ಹೇಳಹೊರಟಿರುವ ಸಮಸ್ಯೆಯೆಲ್ಲ ಅಡಗಿದೆ.

ಏಕೆಂದರೆ, ಮೂರು ನಿಮಿಷವೆಂಬ ಅಂತರವು ಯಾವುದರಿಂದ ಕೂಡಿದೆಯೆಂದು ಬಿಡಿಸಿ ನೋಡಿರಿ. ಒಂದು ಗಾಡಿ ಪ್ಲಾಟ್‌ಫಾರಮ್ಮಿನಲ್ಲಿ 30 ಸೆಕೆಂಡು ನಿಲ್ಲುತ್ತದೆನ್ನೋಣ. ಹೊರಟು ತನ್ನ 260 ಮೀಟರಿನಷ್ಟು ಮೈಯನ್ನು ಅಲ್ಲಿಂದ ಪೂರ್ತಿ ಹೊರಗೆಳೆದುಕೊಳ್ಳಲು ಸುಮಾರು 32 ಸೆಕೆಂಡು ಬೇಕು. ಹಿಂದಿನ ಗಾಡಿ ಬ್ರೇಕು ಹಾಕಿ ಬಂದು ನಿಲ್ಲಲು ಮತ್ತೆ 27 ಸೆಕೆಂಡು. ಇಲ್ಲಿಗೆ ಒಂದೂವರೆ ನಿಮಿಷವಾಯಿತು. ದೀಪದಿಂದ ದೀಪಕ್ಕೆ ಬಿಡಬೇಕಾದ ದೂರ, ಅಲ್ಲಲ್ಲಿ ಆಗುವ ಚಿಲ್ಲರೆ ವಿಳಂಬ ಇವನ್ನು ಸೇರಿಸಿದರೆ ಮೂರು ನಿಮಿಷ. ಇವುಗಳಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಮೋಟಾರು ಬ್ರೇಕುಗಳಿಂದ ಕಡಿಮೆ ಮಾಡಿಯಾಗಿದೆ. ದೀಪಗಳ ದೂರವನ್ನು ಇನ್ನೂ ಉತ್ತಮವಾದ ಸಂಕೇತವ್ಯವಸ್ಥೆಯಿಂದ ಕುಗ್ಗಿಸುವ ಯೋಜನೆಗಳಿವೆ. ಉಳಿದದ್ದು ಮೊದಲನೆಯ 30 ಸೆಕೆಂಡು. ಅದು ಯಂತ್ರದ ಕೈಯಲ್ಲಿಲ್ಲ. ಇಳಿಯುವವರ, ಹತ್ತುವವರ ಕೈಯಲ್ಲಿದೆ.

ಆ 30 ಸೆಕೆಂಡು ಒಂದು ನಿಮಿಷವಾದರೆ? ಅಂತರ ಮೂರೂವರೆ ನಿಮಿಷವಾಗುವುದು. ಒಂದು ಹಳಿಯಲ್ಲಿ ಗಂಟೆಗೆ 20 ಗಾಡಿಗಳ ಬದಲು 17 ಮಾತ್ರ ಓಡುವುವು. ಕಿಕ್ಕಿರಿದ ವೇಳೆಯಲ್ಲಿ ಒಂದೊಂದು ಗಾಡಿಯಲ್ಲಿ ನಾಲ್ಕೈದು ಸಾವಿರ ಜನರಿರುವುದರಿಂದ, ಗಂಟೆಗೆ ಹನ್ನೆರಡು ಸಾವಿರಕ್ಕೆ ಕಡಿಮೆಯಿಲ್ಲದ ಜನರು ಪ್ಲಾಟ್‌ಫಾರಮ್ಮಿನಲ್ಲಿಯೇ ಉಳಿಯಬೇಕಾಗುವುದು. ಲೋಕಲ್ ಗಾಡಿಯ ಬಾಗಿಲುಗಳು ಅಷ್ಟು ಅಗಲವಾಗಿರುವುದೂ ಸದಾ ತೆರೆದೇ ಇರುವುದೂ ಈ ಲೆಕ್ಕದ ಫಲವೆನ್ನಬೇಕು. ಗಾಡಿ ನಿಲ್ಲುವ ಮೊದಲೇ ಕೆಲವರು ಇಳಿದಿರುತ್ತಾರೆ. ಹೊರಟ ಮೇಲೂ ಕೆಲವರು ಹತ್ತುತ್ತಾರೆ. ಗಾರ್ಡನು ಎರಡು ಗಂಟೆ ಬಾರಿಸಲು ಕಟ್ಟಕಡೆಯವನ ಕಾಲು ಒಳಗೆ ಸೇರುವುದನ್ನು ಕಾಯುವುದಿಲ್ಲ, ಕಾಯುವಂತೆಯೂ ಇಲ್ಲ.

ಗಾಡಿಗಳನ್ನು ಉದ್ದ ಮಾಡಿ ನೋಡಿದ್ದೂ ಆಯಿತು. ಒಂಬತ್ತು ಬೋಗಿಗಳಿದ್ದುದು 1986ರಿಂದ ಹನ್ನೆರಡಾಗುತ್ತ ಬಂದವು; 2009ರಲ್ಲಿ ಹದಿನೈದು ಬೋಗಿಗಳ ಗಾಡಿ ಬಂದಿತು. 12 ಅಡಿ ಅಗಲದ ಈ ಬೋಗಿಗಳು ಲೋಕದ ಅಗಲವಾದ ರೈಲುಬೋಗಿಗಳ ಸಾಲಿಗೆ ಸೇರಿದವು. ಆದರೂ ನೂಕುನುಗ್ಗಲು ಕುಗ್ಗಲಿಲ್ಲ. ಒಂದು ಚದರ ಮೀಟರು ಜಾಗದಲ್ಲಿ 14ರಿಂದ 16 ಜನ ನಿಲ್ಲುವ ಸ್ಥಿತಿಗೆ ರೈಲ್ವೆಯವರು ಹೊಸದಾಗಿ ಒಂದು ಇಂಗ್ಲಿಷ್ ಹೆಸರನ್ನೇ ಸೃಷ್ಟಿಸಬೇಕಾಯಿತು. ವಾಚಕರು ತಮ್ಮ ಮನೆಯ ನೆಲದಲ್ಲಿ ಒಂದು ಮೀಟರು ಉದ್ದಗಲದ ಚೌಕವನ್ನು ಗೀಚಿ, ಅದರಲ್ಲಿ ಹದಿನಾಲ್ಕು ಮಂದಿಯನ್ನು ನಿಲ್ಲಿಸಲು ಸಾಧ್ಯವೇ ಎಂದು ನೋಡಬಹುದು.

ಗಾಡಿಯು ಜನರನ್ನು ಬೇಗ ಇಳಿಸಿದಷ್ಟೂ ಅವರು ಹೋಗುವ ಮೆಟ್ಟಿಲುಗಳ ಮೇಲಿನ ಒತ್ತಡವೂ ಬೆಳೆಯುತ್ತದೆ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಪಾದಚಾರಿ ಸೇತುವೆಯ ಮೇಲೆ, ಹೊರಗೆ ಮಳೆ ಸುರಿಯುತ್ತಿದ್ದುದರಿಂದ ಜನ ಒಳಗೇ ನಿಂತಿದ್ದಾಗ, ಮತ್ತೆ ಮತ್ತೆ ಬಂದ ಗಾಡಿಗಳು ಇನ್ನಷ್ಟು ಜನರನ್ನು ತಂದಿಳಿಸಿದವು. ಆ ತುಳಿತದಲ್ಲಿ 23 ಜನ ಸತ್ತರು. ಗಿರಣಿಗಳಿದ್ದ ಆ ಪ್ರದೇಶದಲ್ಲಿ ಎತ್ತರದ ಕಚೇರಿಗಳು ಎದ್ದಿದ್ದವು. ಸೇತುವೆ ಮಾತ್ರ ಹಳೆಯದೇ ಇತ್ತು. ಹೊಸ ಸೇತುವೆಯನ್ನು ಸೈನ್ಯದವರು ಕಟ್ಟಿಕೊಟ್ಟು, ಅದು 2018ರ ಫೆಬ್ರವರಿಯಲ್ಲಿ ತೆರೆಯಿತು. ನಿಲ್ದಾಣಕ್ಕೆ ಈಗ ಪ್ರಭಾದೇವಿಯೆಂದು ಹೆಸರು.

ಅಂತಹ ದುರಂತಗಳು ಪತ್ರಿಕೆಗಳ ಮೊದಲ ಪುಟಕ್ಕೆ ಬರುತ್ತವೆ. ದಿನನಿತ್ಯದ ಸಾವುಗಳು ಬರುವುದಿಲ್ಲ. ಮುಂಬಯಿಯ ಉಪನಗರ ಮಾರ್ಗಗಳೆಲ್ಲವನ್ನೂ ಲೆಕ್ಕಕ್ಕೆ ಹಿಡಿದರೆ 2023ರ ಒಂದೇ ವರ್ಷದಲ್ಲಿ ಎರಡೂವರೆ ಸಾವಿರಕ್ಕಿಂತ ಹೆಚ್ಚು ಜನ ಹಳಿಗಳ ಮೇಲೆ ಪ್ರಾಣ ಬಿಟ್ಟರು. ದಿನಕ್ಕೆ ಸರಾಸರಿ ಏಳು. ಹೆಚ್ಚಿನವರು ಹಳಿ ದಾಟುವಾಗ ಸತ್ತವರು. ಓಡುವ ಗಾಡಿಯಿಂದ ಬಿದ್ದವರೇ ನೂರಾರು. 2025ರ ಜೂನ್ 9ರಂದು ಮಧ್ಯ ರೈಲ್ವೆಯ ಮುಂಬ್ರಾ ಬಳಿ, ತಿರುವಿನಲ್ಲಿ ಎದುರುಬದುರಾಗಿ ಹಾದುಹೋದ ಎರಡು ಲೋಕಲ್ ಗಾಡಿಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಕೆಳಗುರುಳಿ, ನಾಲ್ವರು ಅಂದೇ ತೀರಿಕೊಂಡರು. ಗಾಡಿಗಳು ಹಳಿ ತಪ್ಪಲಿಲ್ಲ, ಒಂದಕ್ಕೊಂದು ತಗಲಲೂ ಇಲ್ಲ. ಕಸಿದುಕೊಂಡ ಸೆಕೆಂಡುಗಳಿಗೆ ಬಾಗಿಲಲ್ಲಿ ನಿಂತವರು ತೆರುವ ಬೆಲೆ ಇದು.

ಹಾಗಾದರೆ ಬಾಗಿಲನ್ನು ಮುಚ್ಚಬಾರದೇಕೆ? ಎಲ್ಲರೂ ಕೇಳುವ ಪ್ರಶ್ನೆಯಿದು. ಮೊದಲನೆಯ ತೊಡಕು ಗಾಳಿ. ಸುಮ್ಮನೆ ನಿಂತ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟಿನಷ್ಟು ಶಾಖ ಹೊರಬೀಳುತ್ತದೆ. ಐದು ಸಾವಿರ ಜನರೆಂದರೆ 500 ಕಿಲೋವ್ಯಾಟು. ಬೋಗಿಯೊಂದಕ್ಕೆ 40 ಕಿಲೋವ್ಯಾಟು, ಅಂದರೆ ಕೋಣೆ ಕಾಯಿಸುವ ದೊಡ್ಡ ವಿದ್ಯುತ್ ಒಲೆಗಳು ಇಪ್ಪತ್ತನ್ನು ಒಟ್ಟಿಗೆ ಉರಿಸಿದಂತೆ. ಮುಂಬಯಿಯ ಮೇ ತಿಂಗಳಿನಲ್ಲಿ ಇದನ್ನು ಹೊರಗೊಯ್ಯುವುದು ತೆರೆದ ಬಾಗಿಲಿನ ಗಾಳಿಯೇ. ಅದನ್ನು ಮುಚ್ಚಿದರೆ ಒಳಗಿದ್ದವರು ಉಸಿರುಕಟ್ಟಿ ಬೀಳುವರು. ಆದ್ದರಿಂದ ಮುಚ್ಚುವ ಬಾಗಿಲಿನ ಮೊದಲ ಲೋಕಲ್ ಗಾಡಿ ಹವಾನಿಯಂತ್ರಿತವಾಗಿಯೇ ಬರಬೇಕಾಯಿತು. 2017ರ ಡಿಸೆಂಬರ್ 25ರಂದು ಅದು ಓಡಿದ್ದು ಇದೇ ಚರ್ಚ್‌ಗೇಟಿನ ಮಾರ್ಗದಲ್ಲಿ. ಅದರ ದರವು ಸಾಮಾನ್ಯ ಎರಡನೆಯ ದರ್ಜೆಯ ದರಕ್ಕಿಂತ ಬಹಳ ಹೆಚ್ಚು; ಬಾಗಿಲಲ್ಲಿ ನೇತಾಡುವವರಲ್ಲಿ ಬಹುಮಂದಿ ಅದನ್ನು ತೆರಲಾರದವರು.

ಎರಡನೆಯ ತೊಡಕು ಮತ್ತೆ ಸೆಕೆಂಡುಗಳದ್ದೇ. ಮುಚ್ಚುವ ಬಾಗಿಲಿನ ಗಾಡಿಯಲ್ಲಿ ಎಲ್ಲ ಬೋಗಿಗಳ ಎಲ್ಲ ಬಾಗಿಲುಗಳೂ ಮುಚ್ಚಿದವೆಂಬ ಸೂಚನೆ ಬರುವವರೆಗೆ ಮೋಟಾರಿಗೆ ವಿದ್ಯುತ್ತು ಸಿಗುವುದಿಲ್ಲ. ಒಬ್ಬನ ಚೀಲದ ಪಟ್ಟಿ ಒಂದು ಬಾಗಿಲಲ್ಲಿ ಸಿಕ್ಕಿದರೂ ಸಾವಿರಾರು ಜನ ಕಾಯಬೇಕು, ಅವರ ಹಿಂದೆ ಇನ್ನೊಂದು ಗಾಡಿ ಕೆಂಪು ದೀಪದೆದುರು ನಿಲ್ಲಬೇಕು. ತುಂಬಿ ತುಳುಕುವ ಬಾಗಿಲುಗಳನ್ನು ಮುಚ್ಚಿಸಲು ನಿಲ್ದಾಣದ ಸಿಬ್ಬಂದಿಯೇ ಜನರನ್ನು ಒಳದೂಡಬೇಕಾದ ಪ್ರಸಂಗಗಳು ಬಂದಿವೆ.

ಮುಂಬ್ರಾ ದುರಂತದ ಬಳಿಕ ರೈಲ್ವೆಯವರು ಹವಾನಿಯಂತ್ರಣವಿಲ್ಲದ ಗಾಡಿಗಳಿಗೂ ತಾವಾಗಿ ಮುಚ್ಚುವ ಬಾಗಿಲುಗಳನ್ನಿಡುವ ಒಂದು ವಿನ್ಯಾಸವನ್ನು ಪ್ರಕಟಿಸಿದರು. ಬಾಗಿಲಿನ ಹಲಗೆಯಲ್ಲಿ ಗಾಳಿ ಬರಲು ಓರೆಪಟ್ಟಿಗಳ ಸಂದು. ಚಾವಣಿಯ ಮೇಲೆ ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳುವ ಯಂತ್ರ. ಒಂದು ಬೋಗಿಯಲ್ಲಿ ನೂಕಾಟವಾದರೆ ಜನರು ಪಕ್ಕದ ಬೋಗಿಗೆ ಸರಿಯಲು ನಡುವೆ ದಾರಿ. ಶಾಖದ ಲೆಕ್ಕಕ್ಕೆ ಇದರಲ್ಲಿ ಉತ್ತರವಿದೆ. ಸೆಕೆಂಡುಗಳ ಲೆಕ್ಕಕ್ಕೆ ಉತ್ತರ ದೊರೆಯಬೇಕಾದದ್ದು ದಾದರ ಅಂಧೇರಿಗಳ ಪ್ಲಾಟ್‌ಫಾರಮ್ಮಿನಲ್ಲಿ, ಬೆಳಿಗ್ಗೆ ಒಂಬತ್ತು ಗಂಟೆಗೆ, ಗಾರ್ಡನು ಗಂಟೆಯ ಮೇಲೆ ಬೆರಳಿಟ್ಟುಕೊಂಡು ನಿಂತಿರುವಾಗ.